ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ಹೋಗುವಾಗ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಮೂರು ಸಂಘಗಳು ಸೇರಿ ಶಾಲಾ ಸಮವಸ್ತ್ರ ಹೊಲಿದುಕೊಡುವ ಆರ್ಡರ್ ಹಿಡಿಯೋಣವೇ ಎಂಬ ವಿಷಯ ಇವತ್ತು ಸಭೆಯ ಮುಂದಿದೆ. ಒಂದು ಸಂಘ ಬಟ್ಟೆ ಕತ್ತರಿಸುವುದು, ಇನ್ನೊಂದು ಹೊಲಿಯುವುದು, ಮೂರನೆಯದು ಗುಂಡಿ ಹಾಕಿ, ಇಸ್ತ್ರಿ ಮಾಡಿ ಪ್ಯಾಕ್ ಮಾಡುವುದು ಎಂದು ಯೋಚನೆ. ಇದಕ್ಕೆ ಒಕ್ಕೂಟದಿಂದ ಸಾಲ ಬೇಕು. ಸಾಲ ಅಂದರೆ ಅದು ನಮ್ಮೆಲ್ಲರ ವಾರದ ಉಳಿತಾಯದ ದುಡ್ಡು. ನಾನು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಚೆಕ್ಕಿಂಗ್ ಸೆಕ್ಷನ್‌ನಲ್ಲಿ ಇದ್ದವಳು. ಅದಕ್ಕೇ ಸಿಸ್ಟರ್ ಎರಡು ಮಾತು ಹೇಳಮ್ಮಾ ಎಂದರು.

ನಮ್ಮಲ್ಲಿ ಅರ್ಧಕ್ಕರ್ಧ ಜನ ಗಾರ್ಮೆಂಟ್ಸ್ ನೋಡಿದವರೇ. ಒಂದು ಶರ್ಟು ಒಬ್ಬರ ಕೈಯಲ್ಲಿ ಆಗುವುದಿಲ್ಲ. ಬಟ್ಟೆ ಹಾಸುವವರು, ಕಟ್ಟಿಂಗ್, ನಂಬರ್ ಹಚ್ಚುವ ಹೆಲ್ಪರ್‌ಗಳು, ಕಾಲರ್, ಕಫ್, ತೋಳು, ಆಮೇಲೆ ಚೆಕ್ಕಿಂಗ್, ದಾರ ಕತ್ತರಿಸುವುದು, ಇಸ್ತ್ರಿ, ಪ್ಯಾಕಿಂಗ್. ಇದರಲ್ಲಿ ನಂಬರ್ ಹಚ್ಚುವುದನ್ನು ಎಲ್ಲರೂ ಸಣ್ಣ ಕೆಲಸ ಅಂತ ತಿಳಿಯುತ್ತಾರೆ. ಆದರೆ ನೋಡಿ, ಒಂದೇ ಬಣ್ಣ ಎಂದು ತಂದ ಬಟ್ಟೆಯಲ್ಲೂ ಒಂದು ರೋಲಿಗೂ ಇನ್ನೊಂದು ರೋಲಿಗೂ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ. ಒಂದರ ಮೇಲೊಂದು ಪದರ ಹಾಸಿ ಕತ್ತರಿಸಿದ ಮೇಲೆ, ಯಾವ ತೋಳು ಯಾವ ಪದರದ್ದು ಎಂದು ಹೇಳುವುದು ಆ ಚಿಕ್ಕ ಸ್ಟಿಕ್ಕರ್ ಒಂದೇ. ಅದು ತಪ್ಪಿದರೆ ಅಥವಾ ಉದುರಿದರೆ ಬೆನ್ನಿನ ಭಾಗ ಒಂದು ಬಣ್ಣ, ತೋಳು ಇನ್ನೊಂದು ಬಣ್ಣ. ಹೊಲಿಯುವ ಟೈಲರ್‌ಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಇದು ಕಾಣದೆ ಹೋಗಬಹುದು. ಇಸ್ತ್ರಿ ಮಾಡಿ ಮಡಚಿದಾಗ ಎದ್ದು ಕಾಣುತ್ತದೆ. ಆಗ ಬೈಸಿಕೊಳ್ಳುವುದು ಯಾರು? ಟೈಲರ್! ಬಿಚ್ಚಿ ಮತ್ತೆ ಹೊಲಿಯುವುದು ಅವಳೇ, ಸಂಜೆ ಬಸ್ಸು ತಪ್ಪುವುದೂ ಅವಳಿಗೇ. ಕಟ್ಟಿಂಗ್‌ನವರಿಗೆ ಈ ಸುದ್ದಿಯೇ ಹೋಗಿರುವುದಿಲ್ಲ, ಅವರು ಅದೇ ರೀತಿ ಮುಂದಿನ ಬಂಡಲ್ ಕಳಿಸುತ್ತಿರುತ್ತಾರೆ.

ಅಲ್ಲಿ ಯಾರೂ ಕೆಟ್ಟವರಲ್ಲ. ಪ್ರತಿ ಸೆಕ್ಷನ್‌ಗೂ ಬೇರೆ ಬೇರೆ ಟಾರ್ಗೆಟ್. ಕಟ್ಟಿಂಗ್‌ನವರಿಗೆ ಇಷ್ಟು ಕತ್ತರಿಸಿದರೆ ಮುಗಿಯಿತು, ಲೈನಿನವರಿಗೆ ಗಂಟೆಗೆ ಇಷ್ಟು ಪೀಸ್ ಕೊಟ್ಟರೆ ಮುಗಿಯಿತು. ಶರ್ಟು ಸರಿಯಾಯಿತೇ ಎಂದು ಕೇಳುವ ಹೊತ್ತಿಗೆ ಹತ್ತು ಕೈ ದಾಟಿರುತ್ತದೆ. ಜಪಾನಿನಲ್ಲಿ ಇಶಿಕಾವಾ ಎಂಬ ಪ್ರೊಫೆಸರು ಇದಕ್ಕೆ ಸರಳವಾದ ದಾರಿ ಹೇಳಿಕೊಟ್ಟರು. ನಿಮ್ಮಿಂದ ಕೆಲಸ ಪಡೆಯುವ ಮುಂದಿನ ಸೆಕ್ಷನ್‌ನವರೇ ನಿಮ್ಮ ಗಿರಾಕಿ ಎಂದು ತಿಳಿಯಿರಿ ಎಂದರು. 1962ರಲ್ಲಿ ಅಲ್ಲಿ ಕ್ವಾಲಿಟಿ ಸರ್ಕಲ್ ಎಂಬ ಚಿಕ್ಕ ಗುಂಪುಗಳು ಶುರುವಾದವು. ಕೆಲಸಗಾರರೇ ಕೂತು ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ಹುಡುಕುವುದು. ನಮ್ಮ ದೇಶಕ್ಕೆ ಅದು 1980ರಲ್ಲಿ ಹೈದರಾಬಾದಿನ ಬಿ.ಎಚ್.ಇ.ಎಲ್. ಕಾರ್ಖಾನೆಗೆ ಬಂತು. ಟೊಯೋಟಾ ಕಾರ್ಖಾನೆಗಳಲ್ಲಿ ತಪ್ಪು ಕಂಡ ಕೆಲಸಗಾರನೇ ಹಗ್ಗ ಎಳೆದು ಲೈನ್ ನಿಲ್ಲಿಸಬಹುದಂತೆ. ನಮ್ಮ ಗಾರ್ಮೆಂಟ್ಸಿನಲ್ಲಿ ನೀರು ಕುಡಿಯಲು ಏಳಬೇಕಾದರೂ ಸೂಪರ್‌ವೈಸರ್ ಮುಖ ನೋಡಬೇಕು, ಹಗ್ಗ ಯಾರು ಕೊಡ್ತಾರೆ! ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೌಸ್‌ಕೀಪಿಂಗ್ ಮಾಡುವ ಅಕ್ಕಂದಿರು ನೋಡಿರಬಹುದು, ಕಂಪ್ಯೂಟರ್ ಕೆಲಸದವರು ಬೆಳಿಗ್ಗೆ ನಿಂತುಕೊಂಡೇ ಹದಿನೈದು ನಿಮಿಷ ಮಾತಾಡುತ್ತಾರೆ. ಅದೂ ಇದೇ.

ನಮ್ಮ ಹೆಂಗಸರಿಗೆ ಒಟ್ಟಾಗುವುದು ಗೊತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. 2016ರಲ್ಲಿ ಮಾಲೀಕರು ಕಟ್ಟುವ ಪಿ.ಎಫ್. ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗೆ ಬಂದರು. 19ರಂದೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಆವತ್ತು ನೀನು ಟೈಲರ್, ನಾನು ಹೆಲ್ಪರ್ ಅಂತ ನೋಡುವ ಮಾತೇ ಇರಲಿಲ್ಲ, ಯಾಕೆಂದರೆ ನಷ್ಟ ಎಲ್ಲರದ್ದೂ ಆಗಿತ್ತು. ದಿನನಿತ್ಯದ ಕೆಲಸದಲ್ಲಿ ಮಾತ್ರ ನಷ್ಟವನ್ನು ಒಬ್ಬರ ತಲೆಗೆ ಕಟ್ಟುತ್ತಾರೆ, ಅಲ್ಲಿಂದಲೇ ಜಗಳ.

ಆದ್ದರಿಂದ ಸಮವಸ್ತ್ರದ ಕೆಲಸದಲ್ಲಿ ದುಡ್ಡಿನ ಮಾತನ್ನೇ ಮೊದಲು ಆಡೋಣ. ಕತ್ತರಿಸಿದ್ದಕ್ಕೆ ಇಷ್ಟು, ಹೊಲಿದಿದ್ದಕ್ಕೆ ಇಷ್ಟು ಎಂದು ಬೇರೆ ಬೇರೆ ಲೆಕ್ಕ ಹಾಕಿ ಪೂರಾ ಕೊಟ್ಟುಬಿಟ್ಟರೆ ನಾವೂ ಕಾರ್ಖಾನೆಯ ದಾರಿಯನ್ನೇ ಹಿಡಿದ ಹಾಗೆ. ಎಲ್ಲಾ ದುಡ್ಡು ಕೊನೆಗೇ ಎಂದರೆ ಬಡ ಸದಸ್ಯೆ ಎಷ್ಟು ದಿನ ಕಾಯುತ್ತಾಳೆ? ನನ್ನ ಅಭಿಪ್ರಾಯದಲ್ಲಿ ಅರ್ಧ ಕೂಲಿ ಬಂಡಲ್ ಒಪ್ಪಿಸಿದ ದಿನ, ಉಳಿದರ್ಧ ಸರಿಯಾದ ಶರ್ಟು ಪ್ಯಾಕ್ ಆದ ಮೇಲೆ. ಹಾಳಾದ ಪೀಸಿನ ನಷ್ಟ ಮೂರೂ ಸಂಘದ ಮೇಲೆ. ಇದನ್ನು ಕೆಲಸ ಶುರುವಾಗುವ ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆಮೇಲೆ ಬರೆಯೋಣ ಎಂದರೆ ಆಗುವುದಿಲ್ಲ.

ಪ್ರತಿ ಬಂಡಲ್ ಜೊತೆ ಒಂದು ಚೀಟಿ ಇರಲಿ: ಸೈಜು, ಎಷ್ಟು ಪೀಸು, ಯಾವ ರೋಲು, ಕೊಟ್ಟವರು, ತೆಗೆದುಕೊಂಡವರು. ಹತ್ತಿ ಬಟ್ಟೆ ಒಗೆದರೆ ಕುಗ್ಗುತ್ತದೆ, ಕತ್ತರಿಸುವ ಮೊದಲೇ ಒಂದು ತುಂಡು ನೆನೆಸಿ ಅಳತೆ ನೋಡಿ, ಬಟ್ಟೆ ಕೊಳ್ಳಲು ಹೋಗುವವರ ಜೊತೆ ಕತ್ತರಿಸುವವರೂ ಒಬ್ಬರು ಹೋಗಲಿ. ತಪ್ಪು ಕಂಡರೆ ಅದೇ ದಿನ, ತಪ್ಪಾದ ಸಂಘಕ್ಕೇ ನೇರವಾಗಿ ಹೇಳಿ. ನಲ್ಲಿ ಹತ್ತಿರ ನಾಲ್ಕು ಜನಕ್ಕೆ ಹೇಳಿ ಆಮೇಲೆ ಅವರ ಕಿವಿಗೆ ಬೀಳುವುದು ಬೇಡ. ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಒಂದೇ ದೇಹದ ಬೇರೆ ಬೇರೆ ಅಂಗಗಳ ಮಾತು ಬರುತ್ತದೆ, ಸ್ವಾಮಿಯವರು ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು. ಬೇರೆ ಧರ್ಮದ ಅಕ್ಕಂದಿರಿಗೂ ಈ ಮಾತು ಹೊಸದೇನಲ್ಲ.

ಸಾಲದ ತೀರ್ಮಾನಕ್ಕೆ ಮುಂಚೆ ಮೂರೂ ಸಂಘದಿಂದ ಇಬ್ಬಿಬ್ಬರು ಬನ್ನಿ, ಒಂದೇ ಒಂದು ಶರ್ಟು ಮೊದಲಿಂದ ಕೊನೆವರೆಗೆ ಒಟ್ಟಿಗೆ ಕೂತು ಮಾಡೋಣ. ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಸಿಕ್ಕಿಹಾಕಿಕೊಂಡೆವು ಎಂದು ಬರೆದುಕೊಂಡು ಮುಂದಿನ ಸಭೆಗೆ ತರೋಣ. ಬಟ್ಟೆ ನಾನು ತರುತ್ತೇನೆ, ಮೆಷಿನ್ ಯಾರ ಮನೆಯಲ್ಲಿ ಎಂದು ಈಗಲೇ ಹೇಳಿಬಿಡಿ.