ಪರದೇಶದಲ್ಲಿ ಫೋನು, ಊರಿನಲ್ಲಿ ಜಗಳ



ನಮ್ಮ ಮಾಜಿವಾಡಾ ನಾಕಾದಲ್ಲಿ ನಿಂತವರಿಗೆ ಮೂರು ದಾರಿ. ಒಂದು ಮುಂಬಯಿಗೆ, ಒಂದು ನಾಸಿಕಕ್ಕೆ, ಇನ್ನೊಂದು ಘೋಡ್‌ಬಂದರ್ ಕಡೆಗೆ. ಇಲ್ಲಿಯ ಕನ್ನಡಿಗರ ಮನೆಗಳಿಗೆ ಮಾತ್ರ ನಾಲ್ಕನೆಯದೊಂದು ದಾರಿಯೂ ಉಂಟು, ಅದು ವಿಮಾನ ನಿಲ್ದಾಣದ್ದು. ಅಜ್ಜ ಉಡುಪಿ, ಕುಂದಾಪುರದ ಕಡೆಯಿಂದ ಹೊಟೇಲಿನ ಕೆಲಸಕ್ಕೆಂದು ಮುಂಬಯಿಗೆ ಬಂದರು. ಅಪ್ಪ ಥಾಣೆಯ ಕಾರ್ಖಾನೆಯಲ್ಲಿ ದುಡಿದರು. ಮಗ ದಮ್ಮಾಮ್‌ನಲ್ಲೋ ದುಬೈಯಲ್ಲೋ ದೋಹಾದಲ್ಲೋ ಇದ್ದಾನೆ. ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ಈಗ ರೇಡಿಯೋ ಕೇಳುತ್ತಿರುವ ಎಷ್ಟೋ ಮಂದಿ ಈ ಮಾತಿಗೆ ತಲೆದೂಗುತ್ತಿರಬಹುದು.

ಇವತ್ತಿನ ಮಾತು ಆ ಮಗನ ಕೈಯಲ್ಲಿರುವ ಫೋನಿನ ಬಗ್ಗೆ.

2019ರ ಡಿಸೆಂಬರ್ ತಿಂಗಳು ನೆನಪಿದೆಯೇ? ಪೌರತ್ವ ತಿದ್ದುಪಡಿ ಕಾಯ್ದೆಯ ಪರ, ವಿರೋಧ ಎಂದು ದೇಶವೆಲ್ಲ ಕಾವೇರಿತ್ತು. ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಗೋಲಿಬಾರ್ ಆಗಿ ಇಬ್ಬರು ಪ್ರಾಣ ಕಳೆದುಕೊಂಡರು. ಅದೇ ದಿನಗಳಲ್ಲಿ ಕುಂದಾಪುರ ಕಡೆಯವರೊಬ್ಬರು ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದರು. ಊರಿನ ಈ ಗಲಾಟೆಯ ಬಗ್ಗೆ ಫೇಸ್‌ಬುಕ್ಕಿನಲ್ಲಿ ಏನೋ ಹಾಕಿದರು. ಬೈಗುಳ ಬಂತು. ಅವರು ಹೆದರಿ, ವಿಡಿಯೋ ಮಾಡಿ ಕ್ಷಮೆ ಕೇಳಿದರು, ಖಾತೆಯನ್ನೇ ಮುಚ್ಚಿದರು. ಅಷ್ಟಕ್ಕೆ ಮುಗಿಯಬೇಕಿತ್ತು ಅಲ್ಲವೇ? ಮುಗಿಯಲಿಲ್ಲ. ಅವರದೇ ಹೆಸರಿನಲ್ಲಿ, ಅವರದೇ ಫೋಟೋ ಹಾಕಿ ಹೊಸ ಖಾತೆಯೊಂದು ಹುಟ್ಟಿಕೊಂಡಿತು. ಅದರಲ್ಲಿ ಮೆಕ್ಕಾದ ಬಗ್ಗೆ, ಸೌದಿಯ ಯುವರಾಜರ ಬಗ್ಗೆ ಹೇಳಬಾರದ ಮಾತುಗಳು ಬಂದವು. ಕೆಲಸ ಹೋಯಿತು, ಪೊಲೀಸರು ಬಂದು ಹಿಡಿದುಕೊಂಡು ಹೋದರು.

ಅವರ ಹೆಂಡತಿ ಉಡುಪಿಯಲ್ಲಿ ಪೊಲೀಸರಿಗೆ ದೂರು ಕೊಟ್ಟರು. ಆ ನಕಲಿ ಖಾತೆ ಹುಟ್ಟಿದ್ದು ಸೌದಿಯಲ್ಲಲ್ಲ, ನಮ್ಮ ಮೂಡುಬಿದಿರೆಯಲ್ಲಿ ಎಂದು ತನಿಖೆಯಲ್ಲಿ ತಿಳಿಯಿತು. 2020ರಲ್ಲಿ ಇಬ್ಬರು ಸಹೋದರರನ್ನು ಬಂಧಿಸಿದರು, ಆರೋಪಪಟ್ಟಿ ಹಾಕಿದರು. ಆ ಕಾಗದಪತ್ರಗಳು ವಿದೇಶಾಂಗ ಇಲಾಖೆಯ ಮೂಲಕ ಸೌದಿಗೆ ಹೋದವು. ಕೊನೆಗೆ 2021ರ ಆಗಸ್ಟ್ 18ರಂದು ಆ ಮನುಷ್ಯ ಬೆಂಗಳೂರಿನಲ್ಲಿ ವಿಮಾನದಿಂದ ಇಳಿದರು. ಸುಮಾರು 20 ತಿಂಗಳ ಜೈಲು, ಅದೂ ತಾನು ಬರೆಯದ ಮಾತಿಗೆ.

ಈ ಪ್ರಕರಣವನ್ನು ಓದುವಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ಜಗಳ ನಮ್ಮ ದೇಶದ್ದು, ಜಗಳವಾಡಿದವರು ನಮ್ಮ ಕರಾವಳಿಯವರೇ. ಹೊಡೆಯಲಿಕ್ಕೆ ಎತ್ತಿಕೊಂಡ ದೊಣ್ಣೆ ಮಾತ್ರ ಇನ್ನೊಂದು ದೇಶದ ಕಾನೂನು. ಊರಿನಲ್ಲೇ ಇರುವವನ ಮೇಲೆ ಸಿಟ್ಟು ಬಂದರೆ ಹೆಚ್ಚೆಂದರೆ ಬೈದಾರು, ಕೋರ್ಟಿಗೆ ಎಳೆದಾರು. ಹೊರದೇಶದಲ್ಲಿ ಇರುವವನನ್ನು ಮುಗಿಸಲು ಮೂಡುಬಿದಿರೆಯಲ್ಲಿ ಕೂತು ನಾಲ್ಕು ಸಾಲು ಟೈಪ್ ಮಾಡಿದರೆ ಸಾಕು.

ಮಂಗಳೂರಿನ ಇನ್ನೊಬ್ಬರ ಕಥೆಯೂ ಬಹುಪಾಲು ಇದೇ. 25 ವರ್ಷ ಸೌದಿಯಲ್ಲಿ ದುಡಿದವರು. ಅದೇ ಪೌರತ್ವ ಕಾಯ್ದೆಯನ್ನು ಬೆಂಬಲಿಸಿ ಒಂದು ಪೋಸ್ಟ್ ಹಾಕಿದ್ದರು. ಅವರ ಹೆಸರಿನಲ್ಲೂ ನಕಲಿ ಖಾತೆ, ಅದರಲ್ಲೂ ಅಲ್ಲಿಯ ದೊರೆಯ, ಧರ್ಮದ ನಿಂದೆ. 2020ರ ಫೆಬ್ರುವರಿಯಲ್ಲಿ ಬಂಧನ, ಆಮೇಲೆ 15 ವರ್ಷ ಶಿಕ್ಷೆ. ಇವರ ಹೆಂಡತಿಯೂ ಮಂಗಳೂರಿನಲ್ಲಿ ದೂರು ಕೊಟ್ಟರು. ಆದರೆ ಇಲ್ಲಿ ತನಿಖೆ ಕುಂಟಿತು. ನಕಲಿ ಖಾತೆಯ ವಿವರ ಕೊಡಿ ಎಂದು ಪೊಲೀಸರು ಬರೆದ ಪತ್ರಕ್ಕೆ ಫೇಸ್‌ಬುಕ್ ಸರಿಯಾಗಿ ಉತ್ತರಿಸಲಿಲ್ಲ. ಆಕೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ಪೊಲೀಸರಿಗೆ ಸಹಕರಿಸದಿದ್ದರೆ ಭಾರತದಲ್ಲಿ ನಿಮ್ಮ ಕೆಲಸವನ್ನೇ ನಿಲ್ಲಿಸುವಂತೆ ಆದೇಶಿಸುವುದನ್ನು ಯೋಚಿಸಬೇಕಾದೀತು ಎಂದು ಕಂಪೆನಿಯನ್ನು ಗದರಿದಾಗಲೇ ಈ ಕಥೆ ದೇಶಕ್ಕೆಲ್ಲ ಗೊತ್ತಾದದ್ದು. ಬಂಧನವಾಗಿ ಅಷ್ಟರಲ್ಲಿ ಮೂರು ವರ್ಷ ದಾಟಿತ್ತು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದೇ ಕರಾವಳಿ, ಒಂದೇ ಚಳಿಗಾಲ, ಒಂದೇ ಬಗೆಯ ಮೋಸ. ಒಂದು ಕಡೆ ಖಾತೆ ಯಾರದ್ದೆಂದು ಸಿಕ್ಕಿತು, ಮನುಷ್ಯ ಮನೆಗೆ ಬಂದರು. ಇನ್ನೊಂದು ಕಡೆ ಸಿಗಲಿಲ್ಲ, ಹೆಂಡತಿ ಕೋರ್ಟಿಗೆ ಅಲೆದರು.

ಇಷ್ಟಕ್ಕೂ ಅಲ್ಲಿಯ ಕಾನೂನು ಏನು ಹೇಳುತ್ತದೆ? ಸೌದಿಯಲ್ಲಿ 2007ರ ಸೈಬರ್ ಅಪರಾಧ ಕಾನೂನು ಇದೆ. ಸಾರ್ವಜನಿಕ ಶಿಸ್ತಿಗೆ, ಧರ್ಮಕ್ಕೆ, ನೀತಿಗೆ ಧಕ್ಕೆ ತರುವಂಥದ್ದನ್ನು ಬರೆದರೂ ಕಳಿಸಿದರೂ 5 ವರ್ಷದವರೆಗೆ ಜೈಲು, 30 ಲಕ್ಷ ರಿಯಾಲ್‌ವರೆಗೆ ದಂಡ. ಕಳಿಸಿದರೂ ಎಂಬ ಮಾತನ್ನು ಗಮನಿಸಿ. ಬೆಳಗ್ಗೆ ಚಹಾ ಕುಡಿಯುತ್ತಾ ಫಾರ್ವರ್ಡ್ ಮಾಡುವವರಿಗೂ ಅದು ಅನ್ವಯ. ದೊರೆ ಅಥವಾ ಯುವರಾಜರ ಹೆಸರು ಬಂದರೆ 2017ರ ಭಯೋತ್ಪಾದನೆ ವಿರೋಧಿ ಕಾನೂನೂ ಬರುತ್ತದೆ, ಅದರಲ್ಲಿ 5ರಿಂದ 10 ವರ್ಷ. ಯುಎಇಯಲ್ಲಿ 2021ರ ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ಅಲ್ಲಿ ಒಬ್ಬ ಸಾಮಾನ್ಯ ಮನುಷ್ಯನನ್ನು ಫೋನಿನಲ್ಲಿ ಬೈದು ಬರೆದರೂ ಎರಡೂವರೆ ಲಕ್ಷದಿಂದ 5 ಲಕ್ಷ ದಿರ್ಹಂ ದಂಡ ಬೀಳಬಹುದು. ನಮ್ಮಲ್ಲಿ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಪಾರ್ಕಿಂಗ್ ವಿಷಯಕ್ಕೆ ನಡೆಯುವ ಜಗಳವನ್ನು ಅಲ್ಲಿ ಲೆಕ್ಕ ಹಾಕಿದರೆ ಇಡೀ ಸೊಸೈಟಿಯೇ ಮಾರಿಹೋದೀತು!

ಅಲ್ಲಿ ಕೂತು ಬರೆಯಬೇಕೆಂದೂ ಇಲ್ಲ. ಬ್ರಿಟನ್ನಿನ ಒಬ್ಬ ಮಹಿಳೆ 2016ರಲ್ಲಿ ತನ್ನ ಮನೆಯಲ್ಲೇ ಕುಳಿತು, ಬಿಟ್ಟುಹೋದ ಗಂಡನ ಹೊಸ ಹೆಂಡತಿಯನ್ನು ಫೇಸ್‌ಬುಕ್ಕಿನಲ್ಲಿ ಕುದುರೆ ಎಂದು ಕರೆದಿದ್ದರು. 2019ರಲ್ಲಿ ಆ ಗಂಡ ತೀರಿಕೊಂಡಾಗ ಅಂತ್ಯಕ್ರಿಯೆಗೆಂದು ದುಬೈಗೆ ಇಳಿದದ್ದೇ ತಡ, ಬಂಧನ. ಕೊನೆಗೆ 3,000 ದಿರ್ಹಂ ದಂಡ ಕಟ್ಟಿ ಬಿಡಿಸಿಕೊಂಡರು. ಮೂರು ವರ್ಷದ ಹಳೆಯ ಮಾತು!

ಈ ವಿಷಯ ತೆಗೆದಾಗ ನಮ್ಮ ಹಿರಿಯ ಕೇಳುಗರೊಬ್ಬರು ನನ್ನನ್ನು ಕೇಳಿದರು, "ಅಲ್ಲ ಮಾರಾಯ್ತಿ, ಇಲ್ಲಿ ಎಲ್ಲರೂ ಬಾಯಿಗೆ ಬಂದದ್ದು ಬರೆಯುತ್ತಾರೆ. ಅಲ್ಲಿ ಹೋದವನು ಮಾತ್ರ ಬಾಯಿಗೆ ಬೀಗ ಹಾಕಬೇಕೋ?"

ನ್ಯಾಯವಾದ ಪ್ರಶ್ನೆ. ಇಲ್ಲಿ ಏನೂ ಆಗುವುದಿಲ್ಲ ಎಂದೇನಲ್ಲ. 2012ರ ನವೆಂಬರ್‌ನಲ್ಲಿ, ಪಾಲ್ಘರ್ ಇನ್ನೂ ನಮ್ಮ ಥಾಣೆ ಜಿಲ್ಲೆಯಲ್ಲೇ ಇದ್ದಾಗ, ಬಾಳ್ ಠಾಕ್ರೆಯವರ ಅಂತ್ಯಕ್ರಿಯೆಯ ದಿನದ ಬಂದ್ ಬಗ್ಗೆ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಪ್ರಶ್ನೆ ಎತ್ತಿದಳು, ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಆದರೆ ದೇಶವೆಲ್ಲ ಕೇಳಿತು, ಮೊಕದ್ದಮೆ ಬಿದ್ದುಹೋಯಿತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ 66ಎ ಕಲಮನ್ನೇ ರದ್ದು ಮಾಡಿತು. ತನ್ನ ನೆಲದಲ್ಲಿ ಇರುವವನಿಗೆ ಅಷ್ಟರಮಟ್ಟಿಗೆ ಹೋರಾಡಲು ಜಾಗ ಇದೆ. ಪರದೇಶದಲ್ಲಿ ಇರುವವನ ಅನ್ನ, ವಾಸ, ಹಿಂದಿರುಗುವ ದಾರಿ ಎಲ್ಲವೂ ಇಕಾಮಾ ಎಂಬ ಒಂದು ಚೀಟಿಯ ಮೇಲೆ ನಿಂತಿರುತ್ತವೆ. ಕಫೀಲ, ಎಂದರೆ ಕೆಲಸ ಕೊಟ್ಟ ಧಣಿ, ಕೈಬಿಟ್ಟರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ.

ನಮ್ಮ ದೇಶವೂ ಈ ವಿಷಯದಲ್ಲಿ ಹೊರತಲ್ಲ. 2020ರ ಫೆಬ್ರುವರಿಯಲ್ಲಿ ಶಾಂತಿನಿಕೇತನದಲ್ಲಿ ಓದುತ್ತಿದ್ದ ಬಾಂಗ್ಲಾದೇಶದ ವಿದ್ಯಾರ್ಥಿನಿಗೆ ದೇಶ ಬಿಡಲು ನೋಟೀಸು ಬಂತು. ಆಕೆ ಪ್ರತಿಭಟನೆಯ ಫೋಟೋಗಳನ್ನು ಫೇಸ್‌ಬುಕ್ಕಿನಲ್ಲಿ ಹಾಕಿದ್ದಳು. ಕೋಲ್ಕತ್ತದಲ್ಲಿದ್ದ ಪೋಲೆಂಡಿನ ವಿದ್ಯಾರ್ಥಿಯೊಬ್ಬನಿಗೂ ಪ್ರತಿಭಟನೆಯ ಕಾರಣಕ್ಕೆ ಅಂಥದೇ ನೋಟೀಸು ಬಂದಿತ್ತು, ಅದನ್ನು ಕಲ್ಕತ್ತಾ ಹೈಕೋರ್ಟ್ ಮಾರ್ಚ್‌ನಲ್ಲಿ ರದ್ದು ಮಾಡಿತು. ಅಮೆರಿಕದ ವೀಸಾ ಅರ್ಜಿಯಲ್ಲಿ 2019ರಿಂದಲೇ 5 ವರ್ಷದ ಜಾಲತಾಣ ಖಾತೆಗಳ ಹೆಸರು ಬರೆಯಬೇಕು. 2025ರ ಡಿಸೆಂಬರ್ 15ರಿಂದ ಎಚ್-1ಬಿಯವರೂ ಅವರ ಮನೆಯವರೂ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕಾಯಿತು. ಐರೋಲಿಯ ಐಟಿ ಹುಡುಗರು ಗಲ್ಫಿನ ಮಾತು ನಮಗೇಕೆ ಎನ್ನುವಂತಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೆ ಮರುಕವಿಲ್ಲ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಹರಡಿದ್ದಕ್ಕೆ ಒಂದು ಧರ್ಮದವರನ್ನೇ ಹೊಣೆ ಮಾಡಿ ಕೀಳಾಗಿ ಬರೆದ ಕೆಲವು ಭಾರತೀಯರು ಯುಎಇಯಲ್ಲಿ ಕೆಲಸ ಕಳೆದುಕೊಂಡರು. ಭೇದಭಾವ ನಮ್ಮ ನೀತಿಗೂ ಕಾನೂನಿಗೂ ವಿರುದ್ಧ, ಇಲ್ಲಿರುವ ಭಾರತೀಯರು ಅದನ್ನು ನೆನಪಿಡಬೇಕು ಎಂದು ಅಂದಿನ ನಮ್ಮ ರಾಯಭಾರಿ ಪವನ್ ಕಪೂರ್ ಅವರೇ ಎಚ್ಚರಿಸಬೇಕಾಯಿತು. ಇದನ್ನೂ ಟೀಕೆಯ ಸ್ವಾತಂತ್ರ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಯಾರ ಮನೆಯಲ್ಲಿ ಉಣ್ಣುತ್ತೇವೋ ಅವರ ದೇವರನ್ನೇ ಬೈಯುವುದಕ್ಕೆ ವಿಮರ್ಶೆ ಎಂಬ ಹೆಸರು ಸಲ್ಲದು.

ಆದರೆ 2021ರಲ್ಲಿ ಕತಾರಿನಲ್ಲಿ ನಡೆದದ್ದು ಬೇರೆ. ಕೀನ್ಯಾದ ಒಬ್ಬ ಸೆಕ್ಯುರಿಟಿ ಗಾರ್ಡ್ ಬೇರೆ ಹೆಸರಿನಲ್ಲಿ ಕೆಲಸಗಾರರ ಕಷ್ಟ ಬರೆಯುತ್ತಿದ್ದ. ಉದ್ದದ ಪಾಳಿ, ಒಂದೇ ಕೋಣೆಯಲ್ಲಿ ತುಂಬಿದ ಜನ, ಇಂಥವೇ. ಮೇ ತಿಂಗಳಲ್ಲಿ ಹಿಡಿದರು, ಒಬ್ಬಂಟಿಯಾಗಿ ಕೂಡಿಹಾಕಿದರು. ಕೊನೆಗೆ 25,000 ರಿಯಾಲ್ ದಂಡ ಹಾಕಿದರು. ಅವನು ಆಗಸ್ಟ್‌ನಲ್ಲಿ ದೇಶ ಬಿಟ್ಟ. ಅವನು ಬೈದದ್ದು ಯಾರನ್ನು? ಯಾರನ್ನೂ ಅಲ್ಲ. ನಮ್ಮ ಹುಡುಗರು ಅದೇ ಕೋಣೆಗಳಲ್ಲಿ ಮಲಗುತ್ತಾರೆ, ಅವರ ಪರವಾಗಿಯೂ ಅವನು ಬರೆದ ಎಂದೇ ನಾನು ತಿಳಿಯುತ್ತೇನೆ. ಸಂಬಳ ಬಾರದಿದ್ದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಸುಮ್ಮನಿರಿ ಎಂದು ನಾನು ಹೇಳಲಾರೆ. ಆದರೆ ಅದನ್ನು ಫೇಸ್‌ಬುಕ್ಕಿಗೆ ಹಾಕುವ ಮೊದಲು ರಾಯಭಾರ ಕಚೇರಿಗೆ ಬರೆಯಿರಿ. ವಿದೇಶಾಂಗ ಇಲಾಖೆಯ 'ಮದದ್' ಎಂಬ ದೂರಿನ ವ್ಯವಸ್ಥೆ 2015ರಿಂದ ಇದೆ, ಇಲ್ಲಿ ಥಾಣೆಯಲ್ಲಿ ಕುಳಿತ ಅಪ್ಪ ಅಮ್ಮನೂ ಅದರಲ್ಲಿ ದೂರು ದಾಖಲಿಸಬಹುದು. ಕಷ್ಟದಲ್ಲಿರುವವರ ವಕೀಲರ ಖರ್ಚಿಗೆ ನೆರವಾಗಲು 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ರಾಯಭಾರ ಕಚೇರಿಗಳ ಬಳಿ ಇರುತ್ತದೆ. ಕೇಳಿದವರಿಗೆ ಸಿಗುವಂಥದ್ದು ಅದು, ಕೇಳಬೇಕೆಂದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಇನ್ನು ನಕಲಿ ಖಾತೆಯ ಮಾತು. ಮಗನ ಹೆಸರಿನಲ್ಲಿ ಇನ್ನೊಂದು ಖಾತೆ ಕಂಡಿತು ಎನ್ನಿ. ಮೊದಲು ಮಾಡುವ ಕೆಲಸ ಅದನ್ನು ಅಳಿಸಲು ಓಡುವುದಲ್ಲ. ಅದರ ಪುಟದ ವಿಳಾಸ, ಹಾಕಿದ ದಿನ, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅಳಿಸಿ ಹೋದರೆ ಸಾಕ್ಷಿಯೂ ಹೋಯಿತು. ಅದೇ ದಿನ ಇಲ್ಲಿಯ ಪೊಲೀಸ್ ಠಾಣೆಯಲ್ಲಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ, ದೂರಿನ ಪ್ರತಿ ಕೈಯಲ್ಲಿರಲಿ. ಅದರ ಫೋಟೋವನ್ನು ಮಗನಿಗೂ ಅಲ್ಲಿಯ ರಾಯಭಾರ ಕಚೇರಿಗೂ ಕಳಿಸಿ. ಖಾತೆ ನನ್ನದಲ್ಲ ಎಂದು ಬಂಧನಕ್ಕೆ ಮೊದಲೇ ಬರೆದು ಕೊಟ್ಟ ಕಾಗದಕ್ಕೂ ಬಂಧನದ ನಂತರ ಕೊಟ್ಟದ್ದಕ್ಕೂ ತುಂಬಾ ವ್ಯತ್ಯಾಸ ಇದೆ.

ಮಗನ ಇಕಾಮಾ, ಪಾಸ್‌ಪೋರ್ಟ್, ಕೆಲಸದ ಕರಾರು ಇವುಗಳ ನಕಲು ನಿಮ್ಮ ಕಪಾಟಿನಲ್ಲಿದೆಯೇ? ಅವನ ಕೋಣೆಯ ಗೆಳೆಯನ ಫೋನ್ ನಂಬರ್ ನಿಮ್ಮ ಹತ್ತಿರ ಉಂಟೇ? ಇಲ್ಲದಿದ್ದರೆ ಈ ರಾತ್ರಿ ಅವನ ಫೋನು ಬಂದಾಗ ಊಟ ಆಯಿತೇ ಎಂದು ಕೇಳಿದ ಮೇಲೆ ಇವನ್ನೂ ಕೇಳಿ ಬರೆದಿಟ್ಟುಕೊಳ್ಳಿ.