ಮಾತಿಗೆ ಮಿಲಿಸೆಕೆಂಡಿನ ಲೆಕ್ಕ



ಇಂಟರ್ನೆಟ್ ಕರೆಗಳ ಕುರಿತ ಈ ಸಂಕಿರಣಕ್ಕಾಗಿ ನಾವು ಸೇರಿರುವ ತಿರುವನಂತಪುರದ ದಕ್ಷಿಣಕ್ಕೆ, ವಿಳಿಂಜಂನಲ್ಲಿ, 2025ರ ಮೇ 2ರಂದು ಅಂತರರಾಷ್ಟ್ರೀಯ ಬಂದರು ಲೋಕಾರ್ಪಣೆಯಾಯಿತು. ಅದೇ ದಡದಿಂದ ತಲೆಮಾರುಗಳಿಂದ ಮೀನುಗಾರರ ದೋಣಿಗಳೂ ಕಡಲಿಗಿಳಿಯುತ್ತಿವೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ದೂರ ಕಡಲಿನಲ್ಲಿದ್ದ ಅನೇಕರಿಗೆ ಎಚ್ಚರಿಕೆಯ ಮಾತು ಮುಟ್ಟಲೇ ಇಲ್ಲ. ದಡದ ಟವರ್‌ಗಳ ಸಿಗ್ನಲ್ ಅಷ್ಟು ದೂರ ಹಬ್ಬುವುದಿಲ್ಲ. ಇಂಟರ್ನೆಟ್ ಕರೆಯ ನಮ್ಮ ಚರ್ಚೆಗೆ ಆ ಮೀನುಗಾರರ ಅಗತ್ಯವೇ ಅಳತೆಗೋಲಾಗಬೇಕು ಎಂಬುದು ನನ್ನ ಆಶಯ.

ಕರೆ ಸರಿಯಿಲ್ಲ ಎಂದರೆ ಎಲ್ಲರೂ ಬ್ಯಾಂಡ್‌ವಿಡ್ತ್ ವಿಚಾರಿಸುತ್ತಾರೆ. ವಿಳಂಬವನ್ನು ವಿಚಾರಿಸುವವರು ಕಡಿಮೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನಂತೆ, ಆಡಿದ ಮಾತು 150 ಮಿಲಿಸೆಕೆಂಡಿನೊಳಗೆ ಕಿವಿ ಸೇರಿದರೆ ಸಂಭಾಷಣೆ ಸರಾಗ, 400 ದಾಟಬಾರದು. ವಿಳಂಬ ಹೆಚ್ಚಿದಂತೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಒಟ್ಟಿಗೆ ಸುಮ್ಮನಾಗುತ್ತಾರೆ.

ಬ್ಯಾಂಡ್‌ವಿಡ್ತ್ ಮತ್ತು ವಿಳಂಬದ ನಂಟನ್ನು ಒಂದು ಲೆಕ್ಕದಲ್ಲಿ ನೋಡೋಣ. ಜಿ.729 ಕೋಡೆಕ್ ಮಾತನ್ನು ಸೆಕೆಂಡಿಗೆ 8 ಕಿಲೋಬಿಟ್‌ಗೆ ಕುಗ್ಗಿಸುತ್ತದೆ. 20 ಮಿಲಿಸೆಕೆಂಡಿನ ಮಾತಿಗೆ 20 ಬೈಟ್ ಸಾಕು. ಆದರೆ ಐಪಿ, ಯುಡಿಪಿ, ಆರ್‌ಟಿಪಿ ಹೆಡರ್‌ಗಳೇ 40 ಬೈಟ್! ಹಾಗಾಗಿ 8 ಇದ್ದದ್ದು 24 ಕಿಲೋಬಿಟ್ ಆಗುತ್ತದೆ. ಒಂದೊಂದು ಪ್ಯಾಕೆಟ್‌ನಲ್ಲಿ 60 ಮಿಲಿಸೆಕೆಂಡಿನ ಮಾತು ತುಂಬಿದರೆ ಅದು ಸುಮಾರು 13ಕ್ಕೆ ಇಳಿಯುತ್ತದೆ. ಆ ಉಳಿತಾಯಕ್ಕೆ 40 ಮಿಲಿಸೆಕೆಂಡಿನ ಹೆಚ್ಚುವರಿ ಕಾಯುವಿಕೆ ತೆರಬೇಕು. ಅಂಥ ದೊಡ್ಡ ಪ್ಯಾಕೆಟ್ ಕಳೆದುಹೋದರೆ ಅಕ್ಷರಗಳೇ ಮಾಯವಾಗುತ್ತವೆ. ಪ್ಯಾಕೆಟ್‌ಗಳು ತಲುಪುವ ಸಮಯದ ಏರುಪೇರು ಸರಿದೂಗಿಸುವ ಜಿಟರ್ ಬಫರ್ ಕೂಡ ತನ್ನ ಪಾಲಿನ ವಿಳಂಬ ಸೇರಿಸುತ್ತದೆ.

ಕೆಲವು ವಿಳಂಬ ದಾರಿಯದ್ದೇ. ಲಕ್ಷದ್ವೀಪದ ಸಂಪರ್ಕ ಬಹುಕಾಲ ಉಪಗ್ರಹವನ್ನೇ ನಂಬಿತ್ತು. 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಏರಿ ಇಳಿಯಲು ದನಿಗೆ ಸುಮಾರು 250 ಮಿಲಿಸೆಕೆಂಡ್ ಬೇಕು. ಬ್ಯಾಂಡ್‌ವಿಡ್ತ್ ಎಷ್ಟು ಕೊಂಡರೂ ಇದು ತಗ್ಗದು. 2024ರ ಜನವರಿ 3ರಂದು ಕೊಚ್ಚಿ–ಲಕ್ಷದ್ವೀಪ ಸಾಗರತಳದ ಕೇಬಲ್ ಉದ್ಘಾಟನೆಯಾದ ಮೇಲೆ ಚಿತ್ರ ಬದಲಾಯಿತು. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ; ಲಕ್ಷದ್ವೀಪದ ಕವರತ್ತಿಯಷ್ಟು ದೂರಕ್ಕೆ ಬೆರಳೆಣಿಕೆಯ ಮಿಲಿಸೆಕೆಂಡ್ ಸಾಕು.

ದೋಣಿಗೆ ಕೇಬಲ್ ಎಳೆಯಲಾಗದು. ಕೊಲ್ಲಂ ಜಿಲ್ಲೆಯ ಅಮೃತಪುರಿಯಲ್ಲಿ ಅಮೃತ ವಿಶ್ವವಿದ್ಯಾಪೀಠದ ಸಂಶೋಧಕರು ರೂಪಿಸಿದ ಓಷನ್‌ನೆಟ್, ದೂರವ್ಯಾಪ್ತಿಯ ವೈ-ಫೈ ಮೂಲಕ ದೋಣಿಗಳಿಗೆ ಇಂಟರ್ನೆಟ್ ತಲುಪಿಸುವ ಯತ್ನ. ಅಲೆಗೆ ದೋಣಿ ಹೊಯ್ದಾಡಿದರೆ ಆಂಟೆನಾವೂ ಹೊಯ್ದಾಡುತ್ತದೆ, ಕೊಂಡಿ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಇಂಥಲ್ಲಿ ಮನೆಯವರ ಕ್ಷೇಮ ಸಮಾಚಾರಕ್ಕೂ ಅಪಾಯದ ಕರೆಗೂ ಒಂದೇ ಸೆಟ್ಟಿಂಗ್ ಇಡುವುದು ತಪ್ಪು. ಹರಟೆಗೆ ಚುರುಕು ಮುಖ್ಯ. ದೋಣಿ ಎಲ್ಲಿದೆ, ಎಷ್ಟು ಜನರಿದ್ದಾರೆ ಎಂದು ತಿಳಿಸುವ ಕರೆ 300 ಮಿಲಿಸೆಕೆಂಡ್ ತಡವಾಗಿ ಬಂದರೂ ಚಿಂತೆಯಿಲ್ಲ. ಆದರೆ ಅದರಲ್ಲಿ ಒಂದು ಅಂಕಿಯೂ ಕಳೆಯಬಾರದು. ಅಲ್ಲಿ ಬಫರ್ ಹಿಗ್ಗಲಿ, ಮಾತಿನ ತುಣುಕು ಎರಡು ಬಾರಿ ಹೋಗಲಿ. 2012ರಲ್ಲಿ ಮಾನಕವಾದ ಓಪಸ್ ಕೋಡೆಕ್ 2.5ರಿಂದ 60 ಮಿಲಿಸೆಕೆಂಡಿನವರೆಗೆ ಫ್ರೇಮ್ ಆಯ್ಕೆ ಕೊಡುತ್ತದೆ. ಉಪಕರಣ ಕೈಯಲ್ಲಿದೆ, ವಿವೇಚನೆ ನಮ್ಮದಾಗಬೇಕು.

ಆದ್ದರಿಂದ ಈ ಸಂಕಿರಣಕ್ಕೆ ನನ್ನ ಕೋರಿಕೆ ಎರಡು. ಇಲ್ಲಿ ಮಂಡನೆಯಾಗುವ ಪ್ರತಿ ಪ್ರಬಂಧವೂ ಬ್ಯಾಂಡ್‌ವಿಡ್ತ್ ಜೊತೆಗೆ ವಿಳಂಬ ಮತ್ತು ಪ್ಯಾಕೆಟ್ ನಷ್ಟದ ಅಂಕಿಗಳನ್ನೂ ಕೊಡಲಿ. ಪ್ರಯೋಗಗಳು ಪ್ರಯೋಗಾಲಯದಲ್ಲಿ ಮುಗಿಯದೆ ವಿಳಿಂಜಂ, ಮಲ್ಪೆ, ಮಂಗಳೂರಿನ ದೋಣಿಗಳ ಮೇಲೆ, ಮಳೆಗಾಲದ ಕಡಲಿನಲ್ಲಿ ನಡೆಯಲಿ. ಅತಿ ದುರ್ಬಲ ಕೊಂಡಿಯಲ್ಲಿರುವವನ ಮಾತು ದಡ ತಲುಪುವಂತೆ ಮಾಡಿದರೆ, ಉಳಿದವರ ಕರೆಗಳನ್ನು ಸುಧಾರಿಸುವ ವಿದ್ಯೆಯೂ ನಮಗೆ ದಕ್ಕುತ್ತದೆ.