ರಟ್ಟೆ ಹುಟ್ಟುವ ಬಗೆ

(ಸಂಘದ ರಾಜ್ಯೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಸಾಹಿತ್ಯದ ಮಾತು ಸಹಜ. ವಿಜ್ಞಾನದ ಮಾತು ಅಪರೂಪ. ಆದರೆ ಕನ್ನಡದಲ್ಲಿ ಕವಿತೆಯನ್ನು ಹಾಡಬಹುದು, ಶರೀರದ ಸಂಗತಿಯನ್ನು ಹೇಳಬೇಕಾದರೆ ಇಂಗ್ಲಿಷಿಗೇ ಶರಣುಹೋಗಬೇಕು ಎಂಬ ಭಾವನೆ ಪರಸ್ಥಳದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಬೇರೂರಬಾರದೆಂಬ ಆಸೆಯಿಂದ ನಾವು ಈ ವಿಷಯವನ್ನು ಆರಿಸಿಕೊಂಡೆವು. ನಮ್ಮ ಮೈತೂಕದ ಐದು ಪಾಲಿನಲ್ಲಿ ಹೆಚ್ಚುಕಡಮೆ ಎರಡು ಪಾಲು ಎಲುಬಿಗೆ ಅಂಟಿಕೊಂಡ ಸ್ನಾಯುವೇ ಆಗಿದೆ. ನಡೆಯುವುದು, ಉಸಿರೆಳೆಯುವುದು, ನಗುವುದು ಎಲ್ಲವೂ ಅದರ ಕೆಲಸ. ಈ ಸ್ನಾಯು ತಾಯ ಗರ್ಭದಲ್ಲಿ ಹೇಗೆ ಹುಟ್ಟುತ್ತದೆ, ಹುಟ್ಟೆಂದು ಅದಕ್ಕೆ ಅಪ್ಪಣೆ ಕೊಡುವವರಾರು ಎಂಬುದೇ ಈ ಹೊತ್ತಿನ ವಿಚಾರ.

ಕಣ್ಣಿನ ಜೀವಕೋಶವಾಗಲಿ, ಚರ್ಮದ ಜೀವಕೋಶವಾಗಲಿ, ತೊಡೆಯ ಸ್ನಾಯುವಾಗಲಿ, ಅವುಗಳ ಒಳಗಿರುವ ಜೀನುಗಳು ಒಂದೇ. ಪ್ರೋಟೀನು ತಯಾರಿಸುವ ಜೀನುಗಳೇ ಸುಮಾರು 20,000. ಹಾಗಿದ್ದ ಮೇಲೆ ಒಂದು ಕಣ್ಣಾಗಿ ಇನ್ನೊಂದು ತೊಡೆಯಾದದ್ದು ಹೇಗೆ? ನಮ್ಮ ಮನೆಯ ಪಂಚಾಂಗವನ್ನೇ ನೋಡಿ. ಪುಸ್ತಕ ಒಂದೇ. ಪುರೋಹಿತರು ತಿಥಿಯನ್ನು ನೋಡುತ್ತಾರೆ, ರೈತನು ಮಳೆಯ ನಕ್ಷತ್ರವನ್ನು ನೋಡುತ್ತಾನೆ, ಹೆಣ್ಣು ಹೆತ್ತವರು ಮುಹೂರ್ತದ ಪುಟವನ್ನು ತೆರೆಯುತ್ತಾರೆ. ಜೀವಕೋಶವೂ ತನಗೆ ಬೇಕಾದ ಪುಟಗಳನ್ನು ತೆರೆದು ಉಳಿದವನ್ನು ಮಡಿಸಿಡುತ್ತದೆ. ಮಡಿಸುವುದೆಂಬುದು ಬರಿಯ ಉಪಮೆಯಲ್ಲ. ಡಿ.ಎನ್.ಎ. ಎಂಬ ದಾರವು ಹಿಸ್ಟೋನ್ ಪ್ರೋಟೀನುಗಳ ಸುತ್ತ ಬಿಗಿಯಾಗಿ ಸುತ್ತಿಕೊಂಡೆಡೆಯಲ್ಲಿ ಓದು ಸಾಗದು, ಸಡಿಲಗೊಂಡೆಡೆಯಲ್ಲಿ ಸಾಗುತ್ತದೆ.

1979ರಲ್ಲಿ ಶರ್ಲಿ ಟೇಲರ್ ಮತ್ತು ಪೀಟರ್ ಜೋನ್ಸ್ ಎಂಬ ವಿಜ್ಞಾನಿಗಳು ಒಂದು ಸೋಜಿಗವನ್ನು ವರದಿ ಮಾಡಿದರು. ಇಲಿಯ ಭ್ರೂಣದಿಂದ ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸಾಮಾನ್ಯ ಜೀವಕೋಶಗಳಿಗೆ ಅಜಾಸೈಟಿಡಿನ್ ಎಂಬ ಔಷಧವನ್ನು ಹಾಕಲು, ಕೆಲವು ದಿನಗಳ ಮೇಲೆ ಅವುಗಳಲ್ಲಿ ಕೆಲವು ಸ್ನಾಯುವಾಗಿ ಮಿಡಿಯತೊಡಗಿದವು! ಈ ಔಷಧವು ಡಿ.ಎನ್.ಎ.ಯ ಮೇಲೆ ಹಾಕಿರುವ ಮೀಥೈಲ್ ಗುರುತುಗಳನ್ನು ಕಡಮೆ ಮಾಡುತ್ತದೆ. ಬೀಗಮುದ್ರೆ ಕಳಚಿದರೆ ಮುಚ್ಚಿದ್ದ ಯಾವುದೋ ಪುಟ ತೆರೆದುಕೊಳ್ಳುವುದೆಂದು ಇದರಿಂದ ತಿಳಿಯಿತು. ಆ ಪುಟ ಯಾವುದು? ಅಮೆರಿಕದ ಸಿಯಾಟಲಿನಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ಪ್ರಯೋಗಶಾಲೆಯಲ್ಲಿ ರಾಬರ್ಟ್ ಡೇವಿಸ್, ಆಂಡ್ರ್ಯೂ ಲಾಸರ್ ಮೊದಲಾದವರು ಹುಡುಕಿ 1987ರಲ್ಲಿ ಉತ್ತರ ಕೊಟ್ಟರು. ಅವರು ಕಂಡ ಜೀನಿಗೆ ಮಯೊಡಿ ಎಂದು ಹೆಸರಾಯಿತು. ಆ ಒಂದೇ ಜೀನನ್ನು ಒಳಹೊಗಿಸಿದರೆ ಸಾಕು, ಬೇರೆ ಕಸುಬಿನ ಜೀವಕೋಶ ಸ್ನಾಯುವಿನ ಹಾದಿ ಹಿಡಿಯುತ್ತಿತ್ತು. ಮುಂದೆ ಬಣ್ಣದ ಕೋಶ, ಕೊಬ್ಬಿನ ಕೋಶಗಳಲ್ಲಿಯೂ ಇದನ್ನೇ ಮಾಡಿ ತೋರಿಸಿದರು. ಒಂದು ಜೀನು ಇಷ್ಟು ದೊಡ್ಡ ಅಧಿಕಾರ ನಡೆಸಬಲ್ಲದೆಂದು ಅಂದಿನವರೆಗೆ ಯಾರೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ವೈನ್‌ಟ್ರಾಬ್ ಅವರು 1995ರಲ್ಲಿ, ಇನ್ನೂ ಐವತ್ತು ತುಂಬದೆ ತೀರಿಕೊಂಡರು.

ಮಯೊಡಿ ನಡೆಸುವ ಅಧಿಕಾರದ ಬಗೆ ಹೀಗಿದೆ. ಅದು ತಯಾರಿಸಿದ ಪ್ರೋಟೀನು ಡಿ.ಎನ್.ಎ.ಯ ಮೇಲೆ ಆರಕ್ಷರದ ಒಂದು ಗುರುತನ್ನು ಹುಡುಕಿ, ಇನ್ನೊಂದು ಪ್ರೋಟೀನಿನ ಜೊತೆಗೂಡಿ ಅಲ್ಲಿ ಕುಳಿತು, ಸುತ್ತಲಿನ ಬಿಗಿಯನ್ನು ಸಡಿಲಿಸುತ್ತದೆ. ಆಗ ಸ್ನಾಯುವಿಗೆ ಬೇಕಾದ ಜೀನುಗಳು ಒಂದೊಂದಾಗಿ ಮಾತನಾಡುತ್ತವೆ. ಅಷ್ಟೇ ಅಲ್ಲ, ಮಯೊಡಿ ತನ್ನ ಜೀನನ್ನೂ ತಾನೇ ಪ್ರಚೋದಿಸುವುದರಿಂದ ಒಮ್ಮೆ ಹತ್ತಿದ ದೀಪ ಸುಲಭವಾಗಿ ಆರದು. ಹಾಗೆಂದು ಅದಕ್ಕೆ ಲಗಾಮಿಲ್ಲವೆಂದಲ್ಲ. ಐಡಿ ಎಂಬ ಪ್ರೋಟೀನು ಮಯೊಡಿಯ ಜೊತೆಗಾರನನ್ನೇ ಕಟ್ಟಿಹಾಕುತ್ತದೆ. ಕೋಶಗಳು ಇನ್ನೂ ಹೆಚ್ಚುತ್ತಿರಬೇಕಾದ ಹೊತ್ತಿನಲ್ಲಿ ಅವಸರಕ್ಕೆ ಎಡೆಯಿಲ್ಲ.

ಗರ್ಭದಲ್ಲಿ ಮೂರನೆಯ ವಾರ ಮುಗಿಯುವ ಹೊತ್ತಿಗೆ ಭ್ರೂಣದ ಬೆನ್ನುದ್ದಕ್ಕೂ ಎರಡು ಕಡೆ ಸಣ್ಣ ಸಣ್ಣ ಗಂಟುಗಳ ಸಾಲು ಏಳತೊಡಗುತ್ತದೆ. ಮೈಯ ಮತ್ತು ಕೈಕಾಲುಗಳ ಸ್ನಾಯುಗಳಿಗೆ ಅವೇ ತವರು. ಕೈಕಾಲಿಗೆ ಸೇರಬೇಕಾದ ಕೋಶಗಳು ಈ ತವರನ್ನು ಬಿಟ್ಟು ವಲಸೆ ಹೊರಡುತ್ತವೆ. ದಾರಿಯಲ್ಲಿ ಅವು ಪ್ಯಾಕ್ಸ್‌ 3 ಎಂಬ ಜೀನನ್ನು ಎಚ್ಚರವಾಗಿಟ್ಟುಕೊಂಡಿರುತ್ತವೆ. ಮಯೊಡಿಯನ್ನು ಮಾತ್ರ ಎಬ್ಬಿಸುವುದಿಲ್ಲ. ಹೋಗಬೇಕಾದ ಜಾಗವನ್ನು ಸೇರಿ, ಸಂಖ್ಯೆ ಬೆಳೆಸಿಕೊಂಡ ಮೇಲೆಯೇ ಕಸುಬಿಗೆ ಕೈಹಾಕುವುದು. ಊರು ಬಿಟ್ಟು ಬಂದು ಬಾಡಿಗೆಯ ಕೋಣೆ ಹಿಡಿದು ಆಮೇಲೆ ಸಂಸಾರ ಹೂಡಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪ್ಯಾಕ್ಸ್‌ 3 ಇಲ್ಲದ ಇಲಿಯ ಭ್ರೂಣಗಳಲ್ಲಿ ಕೋಶಗಳು ಹೊರಡುವುದೇ ಇಲ್ಲ; ಅವುಗಳ ಕಾಲುಗಳಲ್ಲಿ ಸ್ನಾಯುವೇ ಇರುವುದಿಲ್ಲ.

ಮಯೊಡಿ ಒಂದೇ ದೊರೆಯೆಂದು ಬಗೆದವರಿಗೆ 1992ರಲ್ಲಿ ಅಚ್ಚರಿ ಕಾದಿತ್ತು. ಆ ಜೀನನ್ನು ತೆಗೆದುಹಾಕಿದ ಇಲಿಮರಿಗಳು ಬಹುಮಟ್ಟಿಗೆ ಸರಿಯಾಗಿಯೇ ಹುಟ್ಟಿದವು. ಮಿಫ್‌ 5 ಎಂಬ ಅದರ ದಾಯಾದಿ ಹೊಣೆಯನ್ನು ಹೊತ್ತಿತ್ತು. ಎರಡನ್ನೂ ತೆಗೆದಾಗ ಮಾತ್ರ, 1993ರಲ್ಲಿ, ಸ್ನಾಯುವಿಲ್ಲದ ಮರಿಗಳು ಹುಟ್ಟಿ ಉಸಿರಾಡಲಾರದೆ ಸತ್ತವು. ಮಯೊಜೆನಿನ್ ಎಂಬ ಮತ್ತೊಂದು ದಾಯಾದಿಯನ್ನು ತೆಗೆದರೆ ಕೋಶಗಳೇನೋ ಇರುತ್ತವೆ, ಒಂದಕ್ಕೊಂದು ಬೆಸೆದು ಎಳೆಯಾಗುವುದು ನಡೆಯುವುದಿಲ್ಲ.

ಇನ್ನು ಬೆಳೆದದ್ದನ್ನು ತಡೆಯುವ ಮಾತು. ಸ್ನಾಯು ಮಿತಿಮೀರದಂತೆ ತಡೆಹಿಡಿಯುವ ಮಯೊಸ್ಟಾಟಿನ್ ಎಂಬ ಜೀನನ್ನು 1997ರಲ್ಲಿ ಕಂಡುಹಿಡಿದರು. ಅದು ಕೆಟ್ಟರೆ ಸ್ನಾಯು ಉಬ್ಬುತ್ತದೆ. ಬೆಲ್ಜಿಯಮ್ಮಿನ ನೀಲಿ ತಳಿಯ ದನಗಳ ಪೈಲ್ವಾನರಂಥ ಮೈಕಟ್ಟಿನ ಗುಟ್ಟು ಇದೇ. ಆ ಜೀನಿನಲ್ಲಿ ಹನ್ನೊಂದು ಅಕ್ಷರಗಳು ಬಿಟ್ಟುಹೋಗಿವೆ. ಆದರೆ ಕರುಗಳು ಹಿರಿದಾಗಿ, ಹಸುಗಳಿಗೆ ಬಹುಪಾಲು ಹೊಟ್ಟೆ ಕುಯ್ದೇ ಹೆರಿಗೆ ಮಾಡಿಸಬೇಕು. ಟೆಕ್ಸೆಲ್ ಎಂಬ ಕುರಿಗಳಲ್ಲಿ ಜೀನು ಸರಿಯಾಗಿಯೇ ಇದೆ; ಅದರ ಬಾಲದ ಕಡೆ ಒಂದಕ್ಷರ ಬದಲಾದುದರಿಂದ ಸೂಕ್ಷ್ಮ ಆರ್.ಎನ್.ಎ.ಗಳು ಬಂದು ಅದರ ಬಾಯಿ ಕಟ್ಟುತ್ತವೆ. ಪುಸ್ತಕ ಹರಿಯದಿದ್ದರೂ ಓದುವ ಕ್ರಮ ಬದಲಾದರೆ ಸಾಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾವು ಕಾಣೆವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ವಿಜಯರಾಘವನ್ ಅವರ ತಂಡವು ಹಣ್ಣಿನ ನೊಣದ ಹಾರುವ ಸ್ನಾಯು ಕಟ್ಟಿಕೊಳ್ಳುವುದನ್ನು ವರ್ಷಾನುಗಟ್ಟಲೆ ಅಭ್ಯಾಸ ಮಾಡಿದೆ. ನಮ್ಮ ನೆಲದಲ್ಲೇ ಇಂಥ ಕೆಲಸ ನಡೆದಿದೆಯೆಂದು ಮಕ್ಕಳಿಗೆ ತಿಳಿದಿರಲಿ.

ಇಷ್ಟೆಲ್ಲ ಹೇಳಿದ್ದು ಕೊನೆಗೆ ಒಂದು ನೋವಿನ ಮಾತಿಗೆ ಬರಲೆಂದು. ಡ್ಯುಶೆನ್ ಎಂಬ ಸ್ನಾಯುಕ್ಷಯ ರೋಗವು ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಡಿಸ್ಟ್ರಾಫಿನ್ ಎಂಬ ಜೀನು ಕೆಟ್ಟು, ಸ್ನಾಯುವಿನ ಎಳೆಗಳು ಎಳೆದಾಟ ತಾಳದೆ ಹರಿಯುತ್ತವೆ. ಮೂರು ನಾಲ್ಕು ವರ್ಷದ ಹುಡುಗ ಪದೇ ಪದೇ ಬೀಳುತ್ತಾನೆ; ಮೀನಖಂಡ ದಪ್ಪಗೆ ಕಾಣುವುದರಿಂದ ಮನೆಯವರು ಗಟ್ಟಿಯಾಗಿದ್ದಾನೆಂದೇ ತಿಳಿಯುತ್ತಾರೆ. ಕೆಟ್ಟ ಜೀನು ತಾಯಿಯ ಕಡೆಯಿಂದ ಬಂದಿರಬಹುದಾದ್ದರಿಂದ ಎಷ್ಟೋ ಮನೆಗಳಲ್ಲಿ ಸೊಸೆಯನ್ನು ಹಳಿಯುವುದುಂಟು. ಇದು ಅನ್ಯಾಯ. ಮೂರರಲ್ಲಿ ಒಂದು ಪಾಲಿನಷ್ಟು ಮಕ್ಕಳಲ್ಲಿ ದೋಷವು ಹೊಸದಾಗಿಯೇ ಹುಟ್ಟಿರುತ್ತದೆ, ತಾಯಿಯಲ್ಲಿರುವುದಿಲ್ಲ. ಇದ್ದರೂ ಅದು ಆಕೆ ಮಾಡಿದ್ದಲ್ಲ.

ಇಲ್ಲಿಯೂ ಓದುವ ಕ್ರಮದ್ದೇ ಒಂದು ಆಸೆ ಹುಟ್ಟಿತು. ಗರ್ಭದಲ್ಲಿ ಡಿಸ್ಟ್ರಾಫಿನ್ನಿನ ಸ್ಥಾನದಲ್ಲಿ ಯುಟ್ರೋಫಿನ್ ಎಂಬ ಅದರ ಬಂಧು ಕೆಲಸ ಮಾಡುತ್ತಿದ್ದು, ಆಮೇಲೆ ಬಹುಮಟ್ಟಿಗೆ ಹಿಂದೆ ಸರಿಯುತ್ತದೆ. ರೋಗಿಯಲ್ಲಿ ಈ ಜೀನು ಚೆನ್ನಾಗಿಯೇ ಇದೆ, ಸುಮ್ಮನಾಗಿದೆ ಅಷ್ಟೆ. ಅದನ್ನು ಮತ್ತೆ ಎಬ್ಬಿಸಬಾರದೇಕೆ? 1996ರಲ್ಲಿ ಇಲಿಗಳಲ್ಲಿ ಯುಟ್ರೋಫಿನ್ ಹೆಚ್ಚಿಸಿದಾಗ ರೋಗ ಬಹಳ ತಗ್ಗಿತು. ಮನುಷ್ಯರ ಮೇಲೆ ಪರೀಕ್ಷಿಸಿದ ಎಜುಟ್ರೋಮಿಡ್ ಎಂಬ ಔಷಧ ಫಲ ಕೊಡದೆ 2018ರಲ್ಲಿ ಆ ಪ್ರಯೋಗ ನಿಂತಿತು. ಆ ದಾರಿಯನ್ನು ಮಾತ್ರ ಸಂಶೋಧಕರು ಬಿಟ್ಟಿಲ್ಲ.

ಅಲ್ಲಿಯವರೆಗೆ ನಮ್ಮ ಕೈಲಿರುವುದು ಇಷ್ಟು. ನೆಲದಿಂದೇಳುವಾಗ ಹುಡುಗನು ತನ್ನ ತೊಡೆಯ ಮೇಲೆಯೇ ಕೈಯೂರಿ ಏರುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಷ್ಟಿದೆಯೆಂದು ನೋಡಿದರೆ ಸಂದೇಹ ಬಲವಾದದ್ದೋ ಅಲ್ಲವೋ ತಿಳಿಯುತ್ತದೆ. ಜೀನಿನ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ವೈದ್ಯರು ಕೊಡುವ ಸ್ಟೀರಾಯ್ಡು, ಕ್ರಮವಾದ ಅಂಗಸಾಧನೆ, ಹೃದಯದ ತಪಾಸಣೆ ಇವುಗಳಿಂದ ಮಗು ನಡೆದಾಡುವ ವರ್ಷಗಳೂ ಬದುಕುವ ವರ್ಷಗಳೂ ಹೆಚ್ಚಿವೆ. ಮಗುವಿನ ಅಕ್ಕತಂಗಿಯರೂ ಚಿಕ್ಕಮ್ಮ ದೊಡ್ಡಮ್ಮಂದಿರೂ ತಮ್ಮಲ್ಲಿ ಆ ಜೀನು ಇದೆಯೇ ಎಂದು, ಮದುವೆ ಬಸಿರುಗಳಿಗೆ ಮುಂಚೆಯೇ, ಕೇಳಿ ತಿಳಿಯಬಹುದು.